ಹಳೆಯ ದೋಣಿ ಎಂಜಿನ್ನಿನ ಮಂದ ಕಿಡಿ

(ಹೈದರಾಬಾದಿನಲ್ಲಿ ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಸಮುದ್ರವಿಲ್ಲದ ಊರಿನಲ್ಲಿ ಕುಳಿತು ದೋಣಿಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಇಲ್ಲಿ ನಮಗಿರುವುದು ಹುಸೇನ್ ಸಾಗರ. ಲುಂಬಿನಿ ಪಾರ್ಕಿನಿಂದ ಬುದ್ಧನ ವಿಗ್ರಹಕ್ಕೆ ಹೋಗುವ ದೋಣಿ ನಡುವೆ ನಿಂತರೆ ದಡವಾದರೂ ಕಣ್ಣಿಗೆ ಕಾಣುತ್ತದೆ. ಆದರೆ ಈ ಕೂಟದಲ್ಲಿ ಕುಂದಾಪುರ, ಗಂಗೊಳ್ಳಿ, ಮಲ್ಪೆ, ಭಟ್ಕಳದ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದವರು ಬಹಳ ಮಂದಿ ಇದ್ದೀರಿ. ಕೆಲವರ ಮನೆಯಲ್ಲಿ ಅಣ್ಣನೋ ಭಾವನೋ ನಾಡದೋಣಿಗೆ ಔಟ್‌ಬೋರ್ಡ್ ಎಂಜಿನ್ನು ಕಟ್ಟಿಕೊಂಡು ಮೀನಿಗೆ ಹೋಗುತ್ತಾನೆ. ಎಂಜಿನ್ನು ಕೆಟ್ಟರೆ ಫೋನು ಬರುವುದು ಇಲ್ಲಿಗೆ, ಕಾಚಿಗುಡಕ್ಕೋ ಕೋಠಿಗೋ. "ಕಿಡಿ ಬತ್ತಿಲ್ಲೆ, ಎಂಜಿನ್ ಮುಗೀತ್, ದುಡ್ಡ್ ಕಳ್ಸ್!" ತಟ್ಟೆ ಎತ್ತಿ, ದೋಸೆ ಹುಯ್ದು ಉಳಿಸಿದ ಹಣ ಹೋಗುತ್ತದೆ. ಅನೇಕ ವೇಳೆ ಮುಗಿದಿರುವುದು ಎಂಜಿನ್ನಲ್ಲ, ಅದರೊಳಗಿನ ಬೆರಳುದ್ದದ ಒಂದು ಭಾಗ. ಹಣ ಕಳಿಸುವ ಮೊದಲು ಏನೇನು ಕೇಳಬೇಕು, ಅಲ್ಲಿರುವವನು ಏನೇನು ನೋಡಬೇಕು ಎಂಬುದನ್ನು ಹೇಳಲು ಇಂದು ನಿಂತಿದ್ದೇವೆ.

ಹಣದ ಮಾತಿಗಿಂತ ದೊಡ್ಡದು ಜೀವದ ಮಾತು. ಮಲ್ಪೆಯ ದೊಡ್ಡ ಟ್ರಾಲ್ ಬೋಟುಗಳದು ಡೀಸೆಲ್ ಎಂಜಿನ್ನು. ಅದಕ್ಕೆ ಕಿಡಿಯೇ ಬೇಡ. ಒತ್ತಿದ ಗಾಳಿಯ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಆ ಬೋಟುಗಳಿಗೆ ನಿಷೇಧವಿರುತ್ತದೆ. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ಅನುಮತಿ. ಎಂದರೆ, ಕಡಲು ಅತ್ಯಂತ ಒರಟಾಗಿರುವ ಕಾಲದಲ್ಲಿ ಕಡಲಿಗಿಳಿಯುವುದು ಅತ್ಯಂತ ಚಿಕ್ಕ ದೋಣಿ, ಅದೂ ಕಿಡಿಯನ್ನೇ ನಂಬಿದ ಎಂಜಿನ್ನಿನಿಂದ. ಅಳಿವೆಯ ಬಾಯಿಯಲ್ಲಿ ತೆರೆ ಒಡೆಯುವ ಜಾಗದಲ್ಲಿ ಎಂಜಿನ್ನು ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಗೆ ಎರಡನೆಯ ತೆರೆಯೇ ಸಾಕು. ಇದನ್ನು ಕರಾವಳಿಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಈ ಔಟ್‌ಬೋರ್ಡ್ ಎಂಜಿನ್ನನ್ನು ಲೋಕಪ್ರಸಿದ್ಧಗೊಳಿಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕೆಗೆ ಹೋಗಿ ನೆಲೆಸಿದ ಓಲೆ ಎವಿನ್ರೂಡ್ ಎಂಬ ಕಾರ್ಖಾನೆಯ ಕುಶಲಕರ್ಮಿ. 1909ರಲ್ಲಿ ಮಾರಾಟಕ್ಕೆ ತಂದ. ತನ್ನ ಪ್ರೇಯಸಿಗೆ ಐಸ್‌ಕ್ರೀಮು ತರಲು ಸರೋವರದಲ್ಲಿ ಹುಟ್ಟು ಹಾಕಿಕೊಂಡು ಹೋಗಿ ಬರುವಷ್ಟರಲ್ಲಿ ಅದು ಕರಗಿಹೋಯಿತೆಂದೂ, ಆ ಬೇಸರದಿಂದಲೇ ಈ ಯೋಚನೆ ಹುಟ್ಟಿತೆಂದೂ ಕತೆಯುಂಟು. ಗಿರಾಕಿಗೆ ತಿಂಡಿ ತಡವಾದರೆ ಏನಾಗುತ್ತದೆಂದು ಹೋಟೆಲಿನವರಾದ ನಿಮಗೆ ಗೊತ್ತೇ ಇದೆ!

ಇನ್ನು ಕಿಡಿ ಹುಟ್ಟುವ ಬಗೆ. ಹಳೆಯ ಎಂಜಿನ್ನಿನಲ್ಲಿ ಬ್ಯಾಟರಿ ಇಲ್ಲ; ಮ್ಯಾಗ್ನೆಟೊ ಇದೆ. 1902ರಲ್ಲಿ ಜರ್ಮನಿಯಲ್ಲಿ ಬಾಷ್ ಸಂಸ್ಥೆಯ ಗಾಟ್ಲೋಬ್ ಹೋನೋಲ್ಡ್ ರೂಪಿಸಿದ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಇದರ ಹಿರಿಯ. ಮೇಲೆ ತಿರುಗುವ ಫ್ಲೈವೀಲಿನ ಒಳಗೆ ಕಾಂತಗಳು ಕೂತಿವೆ. ಅವು ಕಾಯಿಲಿನ ಮುಂದೆ ಹಾದುಹೋದಾಗ ಅದರ ದಪ್ಪ ತಂತಿಯ ಸುತ್ತಿನಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತು ಪಾಯಿಂಟು ಎಂಬ ಎರಡು ಪುಟ್ಟ ಲೋಹದ ಮುಖಗಳ ಮೂಲಕ ಹರಿಯುತ್ತಿರುತ್ತದೆ. ಹರಿವು ಉಚ್ಚ ಮಟ್ಟದಲ್ಲಿರುವ ಕ್ಷಣಕ್ಕೆ ಸರಿಯಾಗಿ ಪಾಯಿಂಟು ಬಾಯಿ ತೆರೆಯಬೇಕು. ಹರಿವು ಥಟ್ಟನೆ ಕಡಿದಾಗ ಕಾಯಿಲಿನ ಸಣ್ಣ ತಂತಿಯ ಸಾವಿರಾರು ಸುತ್ತುಗಳಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡ ಏಳುತ್ತದೆ; ಅದೇ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಪಾಯಿಂಟು ತೆರೆಯುವಾಗ ಅಲ್ಲೇ ವಿದ್ಯುತ್ತು ಹಾರಿ ಸೋರಿಹೋಗದಂತೆ ನೋಡಿಕೊಳ್ಳುವುದು ಕಂಡೆನ್ಸರು. ಈ ಸರಪಣಿಯಲ್ಲಿ "ಥಟ್ಟನೆ" ಎಂಬುದೇ ಮುಖ್ಯ. ಕಡಿತ ನಿಧಾನವಾಯಿತೋ, ಕಿಡಿ ಮಂದವಾಯಿತು.

ಸಾಮಾನ್ಯವಾಗಿ ಎಲ್ಲರೂ ಪ್ಲಗ್ಗು ಬಿಚ್ಚಿ, ಎಂಜಿನ್ನಿನ ಮೈಗೆ ತಾಗಿಸಿ, ಹಗ್ಗ ಎಳೆದು ನೋಡುತ್ತಾರೆ. ಕಿಡಿ ಕಂಡರೆ "ಕಿಡಿ ಇದೆ, ಕಾರ್ಬ್ಯುರೇಟರು ಕೆಟ್ಟಿದೆ" ಎಂದು ತೀರ್ಪು. ಈ ಪರೀಕ್ಷೆ ಸಾಲದು. ಬಯಲಿನ ಗಾಳಿಯಲ್ಲಿ ಕಿಡಿಗೆ ಹಾರುವುದು ಸುಲಭ. ಸಿಲಿಂಡರಿನೊಳಗೆ ಗಾಳಿ ಒತ್ತಿಹೋಗಿರುತ್ತದೆ. ಅದೇ ಅಂತರ ದಾಟಲು ಹಲವು ಪಟ್ಟು ಒತ್ತಡ ಬೇಕು. ಹೊರಗೆ ಕಾಣುವ ಕಿಡಿ ಒಳಗೆ ಸತ್ತಿರಬಹುದು. ಆದ್ದರಿಂದ ಅಂತರ ಹೆಚ್ಚಿಸಿ ನೋಡಬೇಕು. ಅಗಲಿಸಬಹುದಾದ ಅಂತರದ ಸ್ಪಾರ್ಕ್ ಟೆಸ್ಟರು ಸಿಗುತ್ತದೆ, ದುಬಾರಿಯಲ್ಲ. ಬಯಲಿನಲ್ಲಿ ಕಾಲು ಇಂಚು ಹಾರುವ, ಚಟ್ ಎಂದು ಸದ್ದು ಮಾಡುವ ನೀಲಿ ಕಿಡಿ ಒಳ್ಳೆಯದು. ತೆಳ್ಳನೆಯ ಹಳದಿ ಎಳೆಯಂಥದು ಮಂದ. ಹಗ್ಗವನ್ನು ಬಿರುಸಾಗಿ ಎಳೆಯಬೇಕು. ಮ್ಯಾಗ್ನೆಟೊದ ಬಲವೇ ವೇಗದಲ್ಲಿದೆ, ಮೆಲ್ಲಗೆ ಎಳೆದರೆ ಸರಿಯಾದ ಎಂಜಿನ್ನೂ ಮಂದವೆಂದೇ ತೋರುತ್ತದೆ. ಪರೀಕ್ಷೆಯ ವೇಳೆ ಎಣ್ಣೆಯ ಡಬ್ಬ ದೂರವಿರಲಿ, ಪ್ಲಗ್ಗಿನ ತೂತಿನ ಹತ್ತಿರ ಕಿಡಿ ಹಾರಿಸಬೇಡಿ, ಒದ್ದೆ ಕೈಯಲ್ಲಿ ತಂತಿ ಹಿಡಿಯಬೇಡಿ.

ಕಿಡಿ ಮಂದವೆಂದು ಖಚಿತವಾದ ಮೇಲೆ ಹುಡುಕಬೇಕಾದುದು ಅಗ್ಗದ ಕಡೆಯಿಂದ. ಹೊಸ ಪ್ಲಗ್ಗು ಹಾಕಿ ನೋಡಿ. ಪ್ಲಗ್ಗಿನ ತಂತಿ ಬಿರುಕುಬಿಟ್ಟಿದೆಯೇ ಎಂದು ಕತ್ತಲೆಯಲ್ಲಿ ನೋಡಿ. ಸೋರುವ ಕಡೆ ಬೆಳಕು ಮಿನುಗುತ್ತದೆ. ಎಂಜಿನ್ನು ನಿಲ್ಲಿಸುವ ಗುಂಡಿಯ ತಂತಿಯನ್ನು ಬಿಡಿಸಿ ಮತ್ತೊಮ್ಮೆ ಪರೀಕ್ಷಿಸಿ. ಉಪ್ಪು ನೀರು ಹೊಕ್ಕ ಗುಂಡಿ ಅರೆಬರೆ ನೆಲಕ್ಕೆ ತಾಗಿಕೊಂಡು ಕಿಡಿಯನ್ನು ಕುಡಿಯುತ್ತಿರುತ್ತದೆ.

ಆಮೇಲೆ ಪಾಯಿಂಟು. ನಮ್ಮ ಅಭಿಪ್ರಾಯದಲ್ಲಿ ಹಳೆಯ ಎಂಜಿನ್ನಿನ ಮೊದಲ ಅಪರಾಧಿ ಇದೇ, ಅದರಲ್ಲೂ ಕೆಲವು ತಿಂಗಳು ಮೂಲೆಯಲ್ಲಿದ್ದ ಎಂಜಿನ್ನಿನಲ್ಲಿ. ಉಪ್ಪುಗಾಳಿಗೆ ಅದರ ಮುಖದ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ; ಆ ಪೊರೆಯೇ ವಿದ್ಯುತ್ತನ್ನು ತಡೆಯಲು ಸಾಕು. ಸಣ್ಣ ಅರದಿಂದ ಒಂದೆರಡು ಬಾರಿ ತೀಡಿ, ಶುದ್ಧವಾದ ದಪ್ಪ ಕಾಗದದ ಪಟ್ಟಿಯನ್ನು ಸ್ಪಿರಿಟಿನಲ್ಲಿ ಅದ್ದಿ ನಡುವೆ ಎಳೆಯಿರಿ. ಎಮರಿ ಕಾಗದ ಬೇಡ. ಅದರ ಹರಳು ಲೋಹದಲ್ಲಿ ಸಿಕ್ಕಿಕೊಂಡು ಮತ್ತೆ ಅದೇ ಗತಿ. ಹೊಸ ಪಾಯಿಂಟು ಹಾಕಿದರೂ ಮುಖ ಒರೆಸಲೇಬೇಕು, ಬೆರಳಿನ ಜಿಡ್ಡೂ ಅಲ್ಲಿ ದೋಷವೇ.

ನಂತರ ಅಂತರ. ಇಲ್ಲಿ ಮಿಲ್ಲಿನ ಬಂಧುಗಳು ಹೋಟೆಲಿನ ಬಂಧುಗಳಿಗೆ ಗುರುಗಳಾಗಬಹುದು. ಗುಲ್ಬರ್ಗ, ರಾಯಚೂರು, ಬೀದರಗಳಿಂದ ಬಂದು, 1956ರ ನವೆಂಬರ್ ವರೆಗೆ ತಮ್ಮದೇ ರಾಜಧಾನಿಯಾಗಿದ್ದ ಈ ಊರಿನ ಮಿಲ್ಲುಗಳಲ್ಲಿ ದುಡಿದ ಮನೆತನದವರು ಇಲ್ಲಿದ್ದೀರಿ. ಕಾರ್ಡಿಂಗ್ ಯಂತ್ರದ ಹೊಂದಾಣಿಕೆಯನ್ನು ಇಂಚಿನ ಸಾವಿರದ ಲೆಕ್ಕದಲ್ಲಿ ಗೇಜಿನಿಂದ ಮಾಡಿದವರಿಗೆ ಪಾಯಿಂಟಿನ ಅಂತರ ಹೊಸದೇನಲ್ಲ. ಅನೇಕ ಹಳೆಯ ಜಾನ್ಸನ್, ಎವಿನ್ರೂಡ್ ಎಂಜಿನ್ನುಗಳಿಗೆ ಅದು 0.020 ಇಂಚು, ಅರ್ಧ ಮಿಲಿಮೀಟರು. ಬೇರೆ ಎಂಜಿನ್ನಿಗೆ ಅದರ ಪುಸ್ತಕ ನೋಡಬೇಕು. ಕಣ್ಣಂದಾಜು ಕೆಲಸಕ್ಕೆ ಬಾರದು. ಅಂತರ ತಪ್ಪಿದರೆ ಹರಿವಿನ ಉಚ್ಚ ಕ್ಷಣ ತಪ್ಪುತ್ತದೆ, ಕಿಡಿ ಕುಗ್ಗುತ್ತದೆ.

ಫ್ಲೈವೀಲನ್ನು ಪುಲ್ಲರಿನಿಂದ ತೆಗೆಯಬೇಕು. ಸುತ್ತಿಗೆಯ ಪೆಟ್ಟಿಗೆ ಶಾಫ್ಟು ಬಾಗಬಹುದು, ಕಾಂತದ ಬಲ ಕುಗ್ಗಬಹುದು. ತೆಗೆದಾಗ ಅದರ ಕೀಲಿಯನ್ನು ನೋಡಿ. ಅರ್ಧ ತುಂಡಾದ ಕೀಲಿ ಇಡೀ ಲೆಕ್ಕವನ್ನೇ ತಪ್ಪಿಸುತ್ತದೆ.

ಎರಡು ಸಿಲಿಂಡರಿನ ಹಳೆಯ ಎಂಜಿನ್ನಿಗೆ ಅನೇಕ ವೇಳೆ ಪ್ರತಿಯೊಂದಕ್ಕೂ ಬೇರೆ ಕಾಯಿಲು, ಬೇರೆ ಪಾಯಿಂಟು, ಬೇರೆ ಕಂಡೆನ್ಸರು ಇರುತ್ತದೆ. ಇದು ಬಡವನ ಪರೀಕ್ಷಾಲಯ. ಒಂದು ಕಡೆ ಕಿಡಿ ಚೆನ್ನಾಗಿದ್ದು ಇನ್ನೊಂದು ಕಡೆ ಮಂದವಾಗಿದ್ದರೆ ಕಂಡೆನ್ಸರುಗಳನ್ನು ಅದಲುಬದಲು ಮಾಡಿ. ದೋಷವೂ ಜೊತೆಗೆ ಆ ಕಡೆಗೆ ಹೋಯಿತೇ? ಕಂಡೆನ್ಸರೇ ಕೆಟ್ಟಿದೆ. ಹೋಗದಿದ್ದರೆ ಕಾಯಿಲನ್ನು ಹಾಗೆಯೇ ಬದಲಿಸಿ ನೋಡಿ. ಒಂದು ಕಾಸೂ ಖರ್ಚಿಲ್ಲದೆ ತೀರ್ಪು ಸಿಗುತ್ತದೆ. ಪಾಯಿಂಟಿನ ಮುಖ ಬೇಗ ಬೇಗ ಸುಟ್ಟು ಕಪ್ಪಾಗುತ್ತಿದ್ದರೂ ಕಂಡೆನ್ಸರನ್ನು ಸಂಶಯಿಸಬೇಕು. ಕಾಯಿಲಿನ ಹೊದಿಕೆ ಸೀಳಿದ್ದರೆ, ವಿಶೇಷವಾಗಿ ಐವತ್ತು ಅರವತ್ತರ ದಶಕದ ಎಂಜಿನ್ನುಗಳಲ್ಲಿ, ಬದಲಿಸದೆ ಗತ್ಯಂತರವಿಲ್ಲ. ಎರಡೂ ಕಡೆ ಒಂದೇ ಸಮನೆ ಮಂದವಾಗಿದ್ದರೆ ಎರಡಕ್ಕೂ ಸೇರಿದ ಕಾಂತ, ಕೀಲಿ ಮತ್ತು ನೆಲದ ತಂತಿಯ ಕಡೆ ನೋಡಿ.

ಈಚಿನ ಎಂಜಿನ್ನುಗಳಲ್ಲಿ ಪಾಯಿಂಟು ಇಲ್ಲ, ಸಿ.ಡಿ.ಐ. ಎಂಬ ಪೆಟ್ಟಿಗೆ ಇದೆ. ಅದನ್ನು ಬಿಚ್ಚಿ ರಿಪೇರಿ ಮಾಡುವುದು ನಮ್ಮಂಥವರ ಕೆಲಸವಲ್ಲ. ಆದರೆ ಒಂದು ಎಚ್ಚರಿಕೆ: ಪ್ಲಗ್ಗು ಎಂಜಿನ್ನಿನ ಮೈಗೆ ತಾಗದೆ ಹಗ್ಗ ಎಳೆದರೆ ಆ ಪೆಟ್ಟಿಗೆಯೇ ಸುಟ್ಟುಹೋಗಬಹುದು.

ಕಿಡಿಯ ದೋಷವೆಂದು ಕಾಣುವುದೆಲ್ಲ ಕಿಡಿಯದಲ್ಲ. ನಾಡದೋಣಿಗಳ ಎಂಜಿನ್ನು ಅನೇಕ ಕಡೆ ಪೆಟ್ರೋಲಿನಲ್ಲಿ ಹೊರಟು, ಕಾದ ಮೇಲೆ ಸೀಮೆಎಣ್ಣೆಗೆ ತಿರುಗುತ್ತದೆ. ದಡಕ್ಕೆ ಬರುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ, ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಬೇಕು. ದಣಿದು ಬಂದವನು ಸೀಮೆಎಣ್ಣೆಯಲ್ಲೇ ನಿಲ್ಲಿಸಿದನೆಂದರೆ ಮರುದಿನ ಪ್ಲಗ್ಗು ಎಣ್ಣೆಯಲ್ಲಿ ತೊಯ್ದಿರುತ್ತದೆ. ತಣ್ಣನೆಯ ಸೀಮೆಎಣ್ಣೆ ಒಳ್ಳೆಯ ಕಿಡಿಗೂ ಹೊತ್ತುವುದಿಲ್ಲ. ಪಂಪ್ ಸ್ಟೌ ಹಚ್ಚಿದವರಿಗೆ ಇದು ತಿಳಿದದ್ದೇ: ಬರ್ನರು ಕಾಯದೆ ಸೀಮೆಎಣ್ಣೆ ಹೊಗೆಯಾಡುತ್ತದೆ, ಉರಿಯುವುದಿಲ್ಲ. ಇಂಥ ಎಂಜಿನ್ನಿಗೆ ಹೊಸ ಕಾಯಿಲು ಹಾಕಿಸಿದವರುಂಟು. ಮೆಕ್ಯಾನಿಕ್ಕನು ಕಾಯಿಲಿನ ಹಣ ತೆಗೆದುಕೊಂಡು, ಪ್ಲಗ್ಗನ್ನು ಒರೆಸಿ ಕೊಟ್ಟ!

ಆದ್ದರಿಂದ ಊರಿಂದ ಫೋನು ಬಂದಾಗ ಇಷ್ಟು ಕೇಳಿ. ನಿನ್ನೆ ಯಾವ ಎಣ್ಣೆಯಲ್ಲಿ ನಿಲ್ಲಿಸಿದೆ? ಕಿಡಿ ಎಷ್ಟು ದೂರ ಹಾರಿತು, ಯಾವ ಬಣ್ಣ? ಒಂದೇ ಕಡೆಯೋ ಎರಡೂ ಕಡೆಯೋ? ಪಾಯಿಂಟು ಒರೆಸಿದೆಯಾ? ಉತ್ತರ ಬಂದ ಮೇಲೆ ಬೇಕಾದ ಭಾಗವನ್ನಷ್ಟೇ ಕೊಳ್ಳಲಿ. ದೋಣಿಯಲ್ಲಿ ಎರಡು ಒಣ ಪ್ಲಗ್ಗು, ಪ್ಲಗ್ ಸ್ಪ್ಯಾನರು, ಒಂದು ಹೆಚ್ಚಿನ ಹಗ್ಗ, ಇವು ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಇರಲಿ. ಜೊತೆಗೆ ಹುಟ್ಟು ಇದ್ದೇ ಇರಲಿ.

ಫೀಲರ್ ಗೇಜು ಒಂದನ್ನೂ ಸ್ಪಾರ್ಕ್ ಟೆಸ್ಟರು ಒಂದನ್ನೂ ಸಂಘದ ಕೋಣೆಯ ಬೀರುವಿನಲ್ಲಿ ಇರಿಸಿದ್ದೇವೆ. ರಜೆಯಲ್ಲಿ ಊರಿಗೆ ಹೋಗುವವರು ಪುಸ್ತಕದಲ್ಲಿ ರುಜು ಹಾಕಿ ಕೊಂಡೊಯ್ಯಬಹುದು. ಹಿಂದಿರುಗಿದ ಕೂಡಲೇ ಒರೆಸಿ, ಎಣ್ಣೆ ಹಚ್ಚಿ ತಂದಿಡಬೇಕು.