ಉಗ್ರನರಸಿಂಹನ ಪಕ್ಕದಲ್ಲಿ ನಿಂತ ಹುಡುಗ

(ಮಂಡ್ಯ, ಮದ್ದೂರು, ಮಳವಳ್ಳಿಗಳ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಮದ್ದೂರಿನಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೆ, ಅಂಗಡಿ ಮುಚ್ಚಿ ಬಂದಿರುವ ವ್ಯಾಪಾರಿ ಬಂಧುಗಳೆ,

ಈ ಹೊತ್ತು ನಾವು ಕೂಲಿಯ ಮಾತಾಗಲಿ ಬೋನಸ್ಸಿನ ಮಾತಾಗಲಿ ಎತ್ತುವುದಿಲ್ಲ. ಇದೇ ಊರಿನ ಒಂದು ವಿಗ್ರಹದ ವಿಚಾರ ಹೇಳಬೇಕೆಂದು ಬಂದಿದ್ದೇವೆ. ಮೇಷ್ಟ್ರು ಪುರಾಣ ಶುರುಮಾಡಿದರು ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದಾರೆ. ನಗಲಿ. ಪಾಠ ಹೇಳುವ ಕೆಲಸ ಬಿಟ್ಟು ಪಕ್ಷದ ಕೆಲಸಕ್ಕೆ ಬಂದು ವರ್ಷಗಳಾದರೂ ಹಳೆಯ ಚಾಳಿ ಬಿಟ್ಟಿಲ್ಲ. ಕೊನೆಯವರೆಗೆ ಕೇಳಿ, ಆಮೇಲೆ ಇದು ನಮಗೆ ಬೇಕಾದ ಮಾತೋ ಬೇಡವಾದ ಮಾತೋ ನೀವೇ ಹೇಳಿ.

ಮದ್ದೂರಿನ ಉಗ್ರನರಸಿಂಹನ ಗುಡಿಗೆ ಹೋಗದವರು ನಮ್ಮಲ್ಲಿ ಕಡಮೆ. ಹೋಗಿ ನೋಡಿದವರೂ ಕಡಮೆಯೇ. ಮಂಗಳಾರತಿ ಎತ್ತಿದ ಕೂಡಲೆ ನಾವು ಕಣ್ಣು ಮುಚ್ಚಿಬಿಡುತ್ತೇವೆ. ಕಣ್ಣು ಬಿಡುವಷ್ಟರಲ್ಲಿ ತೀರ್ಥ ಬಂದಿರುತ್ತದೆ, ಹಿಂದಿನವರು ನೂಕುತ್ತಿರುತ್ತಾರೆ. ಹೂವಿನ ಅಲಂಕಾರವಾದ ಮೇಲೆ ವಿಗ್ರಹದ ಬಹುಭಾಗ ಮರೆಯಾಗುವುದೂ ಉಂಟು. ಅಭಿಷೇಕದ ಹೊತ್ತಿಗೆ ಹೋಗಿ, ಒಂದು ಪಕ್ಕಕ್ಕೆ ಸರಿದು ನಿಂತು, ಕೈ ಮುಗಿದುಕೊಂಡೇ ಕಣ್ಣು ಬಿಟ್ಟು ನೋಡಬೇಕು.

ಹೊಯ್ಸಳರ ಕಾಲದ ಗುಡಿ ಅದು. ಮದ್ದೂರಿನ ಹಳೆಯ ಹೆಸರು ಅರ್ಜುನಪುರಿ. ಕೃಷ್ಣನು ನರಸಿಂಹನ ರೂಪವನ್ನು ತೋರಿಸಬೇಕೆಂದು ಅರ್ಜುನ ಕೇಳಿದ್ದರಿಂದ ಈ ವಿಗ್ರಹ ಬಂತೆಂದು ಸ್ಥಳಪುರಾಣ ಹೇಳುತ್ತದೆ. ಕರಿಯ ಕಲ್ಲು, ಸುಮಾರು 7 ಅಡಿ ಎತ್ತರ. ಹಣೆಯ ಮೇಲಿನದೂ ಸೇರಿ ಮೂರು ಕಣ್ಣು, ಎಂಟು ಕೈ. ತೊಡೆಯ ಮೇಲೆ ಹಿರಣ್ಯಕಶಿಪು ಬಿದ್ದಿದ್ದಾನೆ. ಎರಡು ಕೈ ಅವನ ಹೊಟ್ಟೆಯನ್ನು ಸೀಳುತ್ತಿವೆ. ಇನ್ನೆರಡು ಕೈ ಕರುಳನ್ನು ಮಾಲೆಯಂತೆ ಎತ್ತಿ ಹಿಡಿದಿವೆ. ಉಳಿದ ನಾಲ್ಕರಲ್ಲಿ ಶಂಖ, ಚಕ್ರ, ಪಾಶ, ಅಂಕುಶ.

ಇಲ್ಲಿ ಒಂದು ಗಳಿಗೆ ನಿಲ್ಲಿ. ಚಕ್ರವಿದೆ, ಅಂಕುಶವಿದೆ, ಆದರೆ ಕೆಲಸ ನಡೆಯುತ್ತಿರುವುದು ಬರಿಯ ಉಗುರಿನಿಂದ. ಏಕೆ? ಹಿರಣ್ಯಕಶಿಪು ಬೇಡಿದ ವರವನ್ನು ನೆನಪು ಮಾಡಿಕೊಳ್ಳಿ. ಮನುಷ್ಯನಿಂದ ಸಾವು ಬರಕೂಡದು, ಮೃಗದಿಂದ ಬರಕೂಡದು. ಒಳಗೂ ಹೊರಗೂ ಬೇಡ, ಹಗಲೂ ಇರುಳೂ ಬೇಡ. ನೆಲದ ಮೇಲಾಗಲಿ ಆಕಾಶದಲ್ಲಾಗಲಿ ಬೇಡ, ಆಯುಧದಿಂದಲೂ ಬೇಡ. ಪಳಗಿದ ವಕೀಲ ಬರೆದ ಕರಾರಿನ ಹಾಗಿದೆ. ಎಲ್ಲಿಯೂ ಸಂದಿ ಬಿಟ್ಟಿಲ್ಲ. ಶಿಲ್ಪಿ ಆ ಕರಾರಿನ ಒಂದೊಂದು ಕಲಮಿಗೂ ಕಲ್ಲಿನಲ್ಲಿ ಉತ್ತರ ಕೊಟ್ಟಿದ್ದಾನೆ. ಸಿಂಹದ ಮುಖ, ಮನುಷ್ಯನ ಮೈ. ನೆಲವೂ ಆಕಾಶವೂ ಆಗದ ತೊಡೆ. ಆಯುಧ ಕೈಯಲ್ಲಿದ್ದರೂ ಉಗುರು. ಮುಸ್ಸಂಜೆಯನ್ನು ಮಾತ್ರ ಕಲ್ಲಿನಲ್ಲಿ ಕಡೆಯಲಾಗದು. ಅದಕ್ಕೆ ಗರ್ಭಗುಡಿಯ ಮಬ್ಬು ಇದೆ.

ಈಗ ಕಣ್ಣನ್ನು ಕೆಳಗಿಳಿಸಿ. ನರಸಿಂಹನ ಎಡಬಲಗಳಲ್ಲಿ ಇಬ್ಬರಿದ್ದಾರೆ. ಒಬ್ಬ ಗರುಡ. ಇನ್ನೊಬ್ಬ ಪ್ರಹ್ಲಾದ. ಸಣ್ಣ ಹುಡುಗ. ಮೇಲೆ ಅಷ್ಟೆಲ್ಲ ನಡೆಯುತ್ತಿದೆ, ಇವನು ಅಲ್ಲಿ ನಿಂತಿದ್ದಾನೆ.

ಈ ಹುಡುಗನನ್ನು ನಮಗೆ ತೋರಿಸಿಕೊಟ್ಟದ್ದು ಇನ್ನೊಬ್ಬ ಹುಡುಗ. ಮೇಷ್ಟರಾಗಿದ್ದಾಗ ಒಂದು ಸಲ ನಾಲ್ಕನೆಯ ತರಗತಿಯ ಮಕ್ಕಳನ್ನು ಈ ಗುಡಿಗೆ ಕರೆತಂದಿದ್ದೆವು. ಎಲ್ಲರೂ ಎಂಟು ಕೈ ಎಣಿಸುತ್ತಿದ್ದರು. ಒಬ್ಬ ಮಾತ್ರ ನಮ್ಮ ಪಂಚೆ ಜಗ್ಗಿ ಕೇಳಿದ: "ಸಾ, ಅದು ಅವನ ಅಪ್ಪ ಅಲ್ವಾ? ಅಪ್ಪನ್ನ ಹಿಂಗೆ ಮಾಡ್ತಾ ಇದ್ರೆ ಅವನು ಯಾಕ್ ಸಾ ಸುಮ್ಕೆ ನಿಂತವ್ನೆ?" ಅಪ್ಪ ಕೆಟ್ಟವನು ಕಣೋ ಎಂದು ಹೇಳಿ ಸಾಲು ಮಾಡಿಸಿ ಹೊರಗೆ ಕರೆದುಕೊಂಡು ಹೋದೆವು. ಅದು ಉತ್ತರವಲ್ಲವೆಂದು ನಮಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಕೆಲವು ವರ್ಷಗಳಾದ ಮೇಲೆ, ಈ ಸೀಮೆಯ ಒಂದು ಗಿರಣಿಯಲ್ಲಿ ಮುಷ್ಕರ ನಡೆಯಿತು. ಹೆಸರು ಬೇಡ. ಎಂಟನೆಯ ದಿನ ಒಬ್ಬ ಕೆಲಸಗಾರ ಗೇಟು ದಾಟಿ ಒಳಗೆ ಹೋದ. ಮನೆಯಲ್ಲಿ ಹೆಂಡತಿಗೆ ಕಾಯಿಲೆ, ಅಂಗಡಿಯಲ್ಲಿ ಉದ್ದರಿ ನಿಂತಿತ್ತು. ಸಂಜೆ ಅವನು ಹೊರಗೆ ಬಂದಾಗ ನಮ್ಮವರು ಹಿಡಿದುಕೊಂಡರು. ಅಂಗಿ ಹರಿಯಿತು, ತುಟಿ ಒಡೆಯಿತು. ನಾವು ಕೈ ಎತ್ತಲಿಲ್ಲ. ಆದರೆ ಎತ್ತಿದ ಕೈಯನ್ನು ಹಿಡಿಯಲೂ ಇಲ್ಲ. ಸಿಟ್ಟು ನ್ಯಾಯವಾದದ್ದು, ಒಂದು ನಾಲ್ಕು ಬೀಳಲಿ ಎಂದು ಒಳಗೊಳಗೇ ಅಂದುಕೊಂಡೆವು. ಆಗ ಗೇಟಿನ ಪಕ್ಕದಲ್ಲಿ ಅವನ ಮಗ ಕಾಣಿಸಿದ. ಅಪ್ಪನಿಗೆ ಊಟದ ಡಬ್ಬಿ ತಂದಿದ್ದ. ಅದನ್ನು ಎರಡು ಕೈಯಲ್ಲೂ ಎದೆಗೆ ಒತ್ತಿಕೊಂಡು ಅಲ್ಲಾಡದೆ ನಿಂತಿದ್ದ. ಪಂಚೆ ಜಗ್ಗಿ ಪ್ರಶ್ನೆ ಕೇಳಿದ್ದ ಹುಡುಗ ಅವನೇ.

ಮಾರನೆಯ ದಿನ ಅವರ ಮನೆಗೆ ಹೋದೆವು. ಗಂಡ ಗೋಡೆಯ ಕಡೆಗೆ ತಿರುಗಿ ಮಲಗಿದ್ದ. ಹೆಂಡತಿ ಕಾಯಿಲೆಯಲ್ಲೇ ಎದ್ದು ಚಾಪೆ ಹಾಸಿ, "ಕೂತ್ಕಳಿ ಮೇಷ್ಟ್ರೇ, ಹೊಡೆಯೋವಾಗಲೂ ನೀವೇ ಇದ್ರಿ, ನೋಡಕ್ಕೂ ನೀವೇ ಬಂದ್ರಿ" ಎಂದಳು. ಹುಡುಗ ನೀರು ತಂದು ಮುಂದಿಟ್ಟ, ಮಾತಾಡಲಿಲ್ಲ. ಮುಷ್ಕರ ಮುಗಿಯಿತು, ಬೇಡಿಕೆಗಳಲ್ಲಿ ಅರ್ಧ ಸಿಕ್ಕಿತು. ಆ ಮನೆಯವರು ಮಾತ್ರ ನಮ್ಮ ಕಡೆಗೆ ಮತ್ತೆ ಬರಲಿಲ್ಲ.

ಅದಾದ ಮೇಲೆ ನಾವು ಈ ಗುಡಿಗೆ ಒಬ್ಬರೇ ಬಂದು ವಿಗ್ರಹವನ್ನು ನೋಡಿದೆವು. ಶಿಲ್ಪಿ ಹುಡುಗನನ್ನು ಬಿಟ್ಟುಬಿಡಬಹುದಾಗಿತ್ತು. ಕಾಳಗಕ್ಕೆ ಬೇಕಾದವರು ಇಬ್ಬರೇ, ಕೊಲ್ಲುವವನು ಮತ್ತು ಸಾಯುವವನು. ಆದರೂ ಅವನು ಹುಡುಗನನ್ನು ನಿಲ್ಲಿಸಿದ. ನಿಲ್ಲಿಸಿದ್ದರಿಂದಲೇ ಆ ಸಿಟ್ಟು ಯಾರಿಗಾಗಿ ಬಂತು ಎಂಬುದು ನಮಗೆ ತಿಳಿಯುತ್ತದೆ. ಹುಡುಗನನ್ನು ತೆಗೆದುಬಿಡಿ, ಮಿಕ್ಕುವುದು ಬರಿಯ ರಕ್ತ.

ಭಾಗವತ ಇನ್ನೂ ಮುಂದೆ ಹೇಳುತ್ತದೆ. ಹಿರಣ್ಯಕಶಿಪು ಸತ್ತರೂ ನರಸಿಂಹನ ಸಿಟ್ಟು ಇಳಿಯಲಿಲ್ಲ. ದೇವತೆಗಳು ದೂರದಲ್ಲೇ ನಿಂತರು. ಲಕ್ಷ್ಮಿಗೂ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಕೊನೆಗೆ ಬ್ರಹ್ಮ ಪ್ರಹ್ಲಾದನನ್ನು ಕಳಿಸಿದ. ಹುಡುಗ ಹೋಗಿ ಕಾಲಿಗೆ ಬಿದ್ದ, ನರಸಿಂಹ ಅವನ ತಲೆಯ ಮೇಲೆ ಕೈಯಿಟ್ಟ. ಹೊಟ್ಟೆ ಸೀಳಿದ್ದ ಅದೇ ಕೈ. ಏನು ಬೇಕು ಕೇಳು ಎಂದಾಗ ಪ್ರಹ್ಲಾದ ರಾಜ್ಯ ಕೇಳಲಿಲ್ಲ. ನಮ್ಮಪ್ಪನ ಪಾಪ ಕಳೆಯಲಿ ಎಂದು ಕೇಳಿದ. ನಾಲ್ಕನೆಯ ತರಗತಿಯ ಪ್ರಶ್ನೆಗೆ ಉತ್ತರ ಅಲ್ಲಿತ್ತು. ನಾವು ತಡವಾಗಿ ಕಂಡುಕೊಂಡೆವು.

ನಮ್ಮ ಜಿಲ್ಲೆಯಲ್ಲೇ ಈ ಸಿಟ್ಟು ಇಳಿದುಹೋದ ರೂಪಗಳೂ ಇವೆ. ಮಳವಳ್ಳಿಯಿಂದ ಬಂದವರು ಮಾರೇಹಳ್ಳಿಯ ಗುಡಿ ಬಲ್ಲಿರಿ. ಚೋಳರ ಕಾಲದ್ದು, ಅಲ್ಲಿರುವವನು ಲಕ್ಷ್ಮೀನರಸಿಂಹ. ಲಕ್ಷ್ಮೀನರಸಿಂಹನೆಂದರೆ ತೊಡೆಯ ಮೇಲೆ ಲಕ್ಷ್ಮಿ ಕುಳಿತ ರೂಪ. ಮದ್ದೂರಿನಲ್ಲಿ ಹೆಣ ಬಿದ್ದಿರುವ ಜಾಗ ಅದೇ. ಮೇಲುಕೋಟೆಯ ಬೆಟ್ಟದ ಮೇಲೆ ಅವನೇ ಯೋಗನರಸಿಂಹ. ಸಿಟ್ಟಿಗೂ ಒಂದು ಹೊತ್ತು, ಅದು ಇಳಿಯುವುದಕ್ಕೂ ಒಂದು ಹೊತ್ತು ಇರಬೇಕೆಂದು ನಮ್ಮ ಹಿರಿಯರು ತಿಳಿದಿದ್ದರು. ವೈಶಾಖ ಶುದ್ಧ ಚತುರ್ದಶಿ, ನರಸಿಂಹ ಜಯಂತಿಯ ದಿನ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುತ್ತಾರಲ್ಲ, ಎಲ್ಲವೂ ತಂಪಿನ ಪದಾರ್ಥ.

ಕೆಲಸಗಾರರಾದ ನೀವು ಇನ್ನೊಂದನ್ನೂ ಗಮನಿಸಬೇಕು. ಆ ಕೋಪದ ಮುಖವನ್ನು ಕೆತ್ತಿದ ಕೈ ಕೋಪದಲ್ಲಿ ಇರಲಿಲ್ಲ. ಎಂಟು ಕೈಗಳ ನಡುವಿನ ಸಂದಿಯಲ್ಲಿ ಉಳಿ ಆಡಬೇಕು. ಒಂದು ಪೆಟ್ಟು ಹೆಚ್ಚಾದರೆ ಬೆರಳು ಹಾರುತ್ತದೆ, ತಿಂಗಳುಗಳ ದುಡಿಮೆ ಹಾಳು. ಹತ್ತಿರದ ಸೋಮನಾಥಪುರದ ಗುಡಿಯಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ವಿಗ್ರಹಗಳ ಕೆಳಗೆ ತನ್ನ ಹೆಸರು ಕೊರೆದಿದ್ದಾನೆ. ಆ ಕಾಲದ ಕಲ್ಲುಕುಟಿಗರಿಗೆ ತಮ್ಮ ಕೆಲಸದ ಮೇಲೆ ಅಷ್ಟು ಅಭಿಮಾನವಿತ್ತು. ಪೆಟ್ಟು ಎಲ್ಲಿ ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೇ ಅವರ ವಿದ್ಯೆ.

ಸಂಗಾತಿಗಳೆ, ಸಿಟ್ಟು ಬೇಡವೆಂದು ನಾವು ಹೇಳುತ್ತಿಲ್ಲ. ಕಂಬ ಒಡೆಯಬೇಕಾದ ಹೊತ್ತು ಬರುತ್ತದೆ. ತನ್ನ ಹೆಸರನ್ನಲ್ಲದೆ ಇನ್ನೊಂದು ಹೆಸರು ಹೇಳಕೂಡದೆಂದ ದೊರೆ ಹಿರಣ್ಯಕಶಿಪು. ಹೆಂಡತಿಯ ಔಷಧಿಗಾಗಿ ಗೇಟು ದಾಟಿದವನು ಹಿರಣ್ಯಕಶಿಪುವಲ್ಲ. ಬಂದಿನ ದಿನ ಬಾಡಿಗೆ ಕಟ್ಟಲಾರದೆ ಅರ್ಧ ಬಾಗಿಲು ತೆರೆದಿಟ್ಟ ಚಿಲ್ಲರೆ ಅಂಗಡಿಯವನೂ ಅಲ್ಲ. ಉದ್ದರಿ ಕೊಟ್ಟು ಮುಷ್ಕರದ ದಿನಗಳಲ್ಲಿ ನಮ್ಮ ಒಲೆ ಉರಿಸಿದವರು ಅಂಥ ಅಂಗಡಿಯವರೇ ಅಲ್ಲವೆ? ಕಲ್ಲು ಹಿಡಿದ ಕೈ ಮೇಲಕ್ಕೆ ಹೋಗುವ ಮುಂಚೆ ಒಂದು ಸಲ ಪಕ್ಕಕ್ಕೆ ತಿರುಗಿ ನೋಡಿ. ಯಾರದೋ ಮಗು ನಿಂತಿರುತ್ತದೆ.

ಸಭೆ ಮುಗಿದ ಮೇಲೆ ಬಸ್ಸಿಗೆ ಇನ್ನೂ ಹೊತ್ತಿದೆ. ಗುಡಿ ದೂರವಿಲ್ಲ. ನಂಬುವವರು ಕೈ ಮುಗಿಯಿರಿ, ನಂಬದವರು ಸುಮ್ಮನೆ ನಿಲ್ಲಿ. ಕಣ್ಣು ಮಾತ್ರ ಮುಚ್ಚಬೇಡಿ.