ಗೋಣಿಯ ಮೇಲೆ ಊರಿನ ಹೆಸರು

(ಅಡಿಕೆ ಬೆಳೆಗಾರರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಮುಂಗಾರು ಹಿಡಿಯುವ ಹೊತ್ತಿಗೆ ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲೆಲ್ಲ ಒಂದು ಪರದೇಶದ ಊರಿನ ಹೆಸರು ಕೇಳಿಬರುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿದರೆ ಬೋರ್ಡೋ ದ್ರಾವಣ. ಬೋರ್ಡೋ ಎಂಬುದು ಫ್ರಾನ್ಸಿನ ದ್ರಾಕ್ಷಿ ಸೀಮೆ. ಅಲ್ಲಿನ ಬಳ್ಳಿಯ ರೋಗಕ್ಕೆಂದು ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಕಟಿಸಿದ ಈ ಮದ್ದನ್ನು, ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೂ ಪ್ರಯೋಗಿಸಿ ತೋರಿಸಿದರು. ಹೀಗೆ ದ್ರಾಕ್ಷಿ ಸೀಮೆಯ ಹೆಸರು ಅಡಿಕೆ ತೋಟಕ್ಕೆ ಬಂದು ನೆಲೆಯಾಯಿತು. ಆದರೆ ಬೆಟ್ಟಂಪಾಡಿ, ಗುತ್ತಿಗಾರು, ಬಿಳಿನೆಲೆಯ ಹೆಸರು ಮಾತ್ರ ಅಡಿಕೆ ಗೋಣಿಯ ಜೊತೆ ಪೇಟೆ ದಾಟಿ ಹೋಗುವುದಿಲ್ಲ. ಯಾಕೆ ಹೀಗೆ?

ಉತ್ತರ ಸಿಗಬೇಕಾದರೆ ಅಡಿಕೆಯನ್ನು ವಿಂಗಡಿಸುವ ಕ್ರಮವನ್ನು ನೋಡಬೇಕು. ಹಣ್ಣಡಿಕೆಯನ್ನು ಅಂಗಳದಲ್ಲಿ 35ರಿಂದ 45 ದಿನ ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಸುಲಿದರೆ ಚಾಲಿ. ಅದರ ಮೊದಲ ವಿಂಗಡಣೆ ವಯಸ್ಸಿನದು. ಈ ವರ್ಷದ್ದು ಹೊಸತು. ವರ್ಷ ದಾಟಿದರೆ ಹಳತು, ಅಂದರೆ ಚೋಲು. ಇನ್ನೊಂದು ವರ್ಷ ಕಳೆದರೆ ಡಬಲ್ ಚೋಲು. ಎರಡನೆಯದು ಆರೋಗ್ಯದ್ದು. ಬಿರುಕು ಬಿಟ್ಟದ್ದು ಪಟೋರ. ಉಳ್ಳಿ, ಕೋಕಾ, ಕರಿಗೋಟು ಎಂಬ ಕೆಳದರ್ಜೆಗಳು ಬೇರೆ. ಮೂರನೆಯದು ಗಾತ್ರದ್ದು: ಮೋತಿ, ಶ್ರೀವರ್ಧನ್, ಜಾಮ್‌ನಗರ, ಜೀನಿ. ಗಾರ್ಬಲಿನಲ್ಲಿ ಕುಳಿತ ಅನುಭವಸ್ಥರ ಕೈಗೆ ಇದಕ್ಕೆ ತಕ್ಕಡಿಯೂ ಬೇಡ, ಪುಸ್ತಕವೂ ಬೇಡ.

ಈ ಕೊನೆಯ ಹೆಸರುಗಳನ್ನು ಗಮನಿಸಿ. ಶ್ರೀವರ್ಧನ್ ಮಹಾರಾಷ್ಟ್ರದ ಕೊಂಕಣ ತೀರದ ಊರು, ಜಾಮ್‌ನಗರ ಗುಜರಾತಿನದು. ಪುತ್ತೂರಿನ ಅಡಿಕೆಗೆ ಊರಿನ ಹೆಸರು ಇಲ್ಲವೆಂದಲ್ಲ. ಇರುವುದು ಬೇರೆ ಊರಿನ ಹೆಸರು. ಎಳೆ ಅಡಿಕೆಯನ್ನು ಬೇಯಿಸಿ ಕೆಂಪು ಮಾಡುವ ಮಲೆನಾಡಿನಲ್ಲಿಯೂ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಗುಣಕ್ಕೇ ಹೆಸರು. ಇವೆಲ್ಲ ಕೊಳ್ಳುವವನ ಪ್ರಶ್ನೆಗೆ ಉತ್ತರಗಳು: ಎಷ್ಟು ಹಳತು, ಎಷ್ಟು ಗಟ್ಟಿ, ಎಷ್ಟು ದೊಡ್ಡದು? ಎಲ್ಲಿಯದು ಎಂದು ಯಾರೂ ಕೇಳಲಿಲ್ಲ, ಯಾರೂ ಬರೆದಿಡಲಿಲ್ಲ.

ಇದೇ ಪ್ರಶ್ನೆಯನ್ನು ಫ್ರಾನ್ಸಿನ ನೆರೆಯ ಜರ್ಮನಿ ಕಾನೂನಿನ ಮೂಲಕ ಬಿಡಿಸಲು ಹೊರಟಿತು. ಅಲ್ಲಿ ವೈನಿನ ಸೀಮೆಗಳು 13: ಮೋಸೆಲ್, ರೈನ್‌ಗೌ, ಫಾಲ್ಟ್ಸ್, ಬಾಡೆನ್ ಮುಂತಾದವು. ಪೂರ್ವ ಜರ್ಮನಿಯಲ್ಲಿದ್ದ ಎರಡು ಸೀಮೆಗಳು 1990ರ ಏಕೀಕರಣದ ನಂತರ ಸೇರಿದವು. ಗುಣಮಟ್ಟದ ವೈನ್ ಎನಿಸಿಕೊಳ್ಳಬೇಕಾದರೆ ದ್ರಾಕ್ಷಿ ಪೂರ್ತಿಯಾಗಿ ಒಂದೇ ಸೀಮೆಯದಾಗಿರಬೇಕು. ಅದರ ಮೇಲೆ, 1971ರ ಕಾನೂನಿನಂತೆ, ಹಣ್ಣಿನ ಪಕ್ವತೆಯ ಮೆಟ್ಟಿಲುಗಳು. ಹಿಂಡಿದ ರಸದ ಒಂದು ಲೀಟರ್ ತೂಕ ನೀರಿಗಿಂತ ಎಷ್ಟು ಗ್ರಾಂ ಹೆಚ್ಚೋ ಅಷ್ಟು ಡಿಗ್ರಿ ಎಂದು ಎಣಿಸುತ್ತಾರೆ. ಈ ಮಾಪಕಕ್ಕೆ ಹತ್ತೊಂಬತ್ತನೆಯ ಶತಮಾನದ ಓಕ್ಸ್‌ಲೆ ಎಂಬವನ ಹೆಸರಿದೆ. ಸಕ್ಕರೆ ಏರಿದಂತೆ ದರ್ಜೆ ಏರುತ್ತದೆ: ಕಾಬಿನೆಟ್, ತಡವಾಗಿ ಕೊಯ್ದ ಶ್ಪೇಟ್‌ಲೇಸೆ, ಆರಿಸಿ ಕೊಯ್ದ ಔಸ್‌ಲೇಸೆ, ಹೀಗೆ. ಹೆಪ್ಪುಗಟ್ಟಿದ ಹಣ್ಣನ್ನು ಹಿಂಡಿ ಮಾಡುವ ಐಸ್‌ವೈನ್ ಎಂಬುದೂ ಒಂದು.

ಅದೇ ಕಾನೂನು ಒಂದು ಎಡವಟ್ಟನ್ನೂ ಮಾಡಿತು. ಸಾವಿರಾರು ಸಣ್ಣ ತೋಟಗಳ ಹೆಸರುಗಳನ್ನು ಅಳಿಸಿ, ಅಕ್ಕಪಕ್ಕದ ಹಳ್ಳಿಗಳ ತೋಟಗಳನ್ನೆಲ್ಲ ಒಂದು ದೊಡ್ಡ ಹೆಸರಿನಡಿ ಕೂಡಿಸಲು ಅವಕಾಶ ಕೊಟ್ಟಿತು. ಮೋಸೆಲ್ ದಂಡೆಯ ಪೀಸ್‌ಪೋರ್ಟ್ ಎಂಬ ಹಳ್ಳಿಯ ಕಡಿದಾದ ಗುಡ್ಡದಲ್ಲಿ ಗೋಲ್ಡ್‌ಟ್ರೋಪ್‌ಶೆನ್ ಎಂಬ ಹೆಸರಾಂತ ತೋಟವಿದೆ. ಮಿಶೆಲ್ಸ್‌ಬೆರ್ಗ್ ಎಂಬುದು ಸುತ್ತಲ ಹಳ್ಳಿಗಳಿಗೂ ಹಬ್ಬಿದ ಕೂಡುಹೆಸರು. ಎರಡೂ ಸೀಸೆಗಳ ಮೇಲೆ ಪೀಸ್‌ಪೋರ್ಟಿನ ಹೆಸರೇ. ಕೊಳ್ಳುವವನಿಗೆ ಭೇದ ತಿಳಿಯಲಿಲ್ಲ. ಇಳಿಜಾರಿನಲ್ಲಿ ಬೆವರು ಸುರಿಸಿದವನ ಹೆಸರು ಬಯಲಿನವನ ಪಾಲಾಯಿತು. ಸುಮಾರು ಐವತ್ತು ವರ್ಷಗಳ ಬಳಿಕ, 2021ರಲ್ಲಿ, ನಿಯಮವನ್ನು ತಿದ್ದಿದರು: ಹೆಸರಿಸಿದ ಜಾಗ ಕಿರಿದಾದಷ್ಟೂ ಕಟ್ಟುಪಾಡು ಬಿಗಿ. ಸೀಮೆಗಿಂತ ಹಳ್ಳಿ, ಹಳ್ಳಿಗಿಂತ ತೋಟ ಮೇಲು.

ಈ ಕಥೆಯಲ್ಲಿ ಅಡಿಕೆಯವರಿಗೆ ಎರಡು ಪಾಠಗಳಿವೆ. ಒಂದು, ಗುಣದ ದರ್ಜೆ ಎಷ್ಟೇ ನಿಖರವಾಗಿದ್ದರೂ ಊರಿನ ಕೆಲಸವನ್ನು ಅದು ಮಾಡದು. ಹೊರದೇಶದ ಅಡಿಕೆ ಬಂದು ಬೆರೆತಾಗ, ಗಾತ್ರವೂ ಬಣ್ಣವೂ ಸರಿಯಿದ್ದರೆ ಮೋತಿ ಮೋತಿಯೇ. ನಲವತ್ತು ದಿನ ಮೋಡ ನೋಡಿ ಅಂಗಳ ಕಾದವನ ಶ್ರಮಕ್ಕೆ ಅಲ್ಲಿ ಗುರುತೇ ಇರುವುದಿಲ್ಲ. ಎರಡು, ಹೆಸರಿಗೆ ಗಡಿ ಬೇಕು, ಗಡಿಗೆ ಕಾವಲು ಬೇಕು. ಸಿಕ್ಕವರಿಗೆಲ್ಲ ಹಂಚಿದ ಹೆಸರು ಇದ್ದೂ ಇಲ್ಲದಂತೆ.

ಕರ್ನಾಟಕದಲ್ಲೇ ಒಂದು ಮಾದರಿ ಇದೆ. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಗುರುತು ಸಿಕ್ಕಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಅದರ ಸೀಮೆ. ಹೆಸರಿನ ಹೊಣೆ ಹೊತ್ತದ್ದು ಅಲ್ಲಿನ ತೋಟಗಾರರ ಸಹಕಾರ ಸಂಘ.

ಕರಾವಳಿಗೂ ಸಹಕಾರ ಹೊಸತಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಧಾರಣೆ ಕುಸಿದಾಗ ಬೆಳೆಗಾರರು ಕೈಕಟ್ಟಿ ಕೂರಲಿಲ್ಲ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. 1986ರಲ್ಲಿ ಅದೇ ಸಂಸ್ಥೆ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆಯಿತು. ಅಂದು ಬೆಳೆಗಾರರು ಕೇಳಿದ್ದು ನ್ಯಾಯವಾದ ಬೆಲೆಯನ್ನು. ಇನ್ನು ಕೇಳಬೇಕಾದದ್ದು ಹೆಸರನ್ನು. ಅದಕ್ಕೆ ದೊಡ್ಡ ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಯಾವ ಗ್ರಾಮದ್ದು, ಯಾವ ವರ್ಷದ್ದು, ಎಷ್ಟು ದಿನ ಒಣಗಿದ್ದು ಎಂದು ಒಂದು ಚೀಟಿಯಲ್ಲಿ ಬರೆದು ಗೋಣಿಯ ಬಾಯಿಗೆ ಹೊಲಿದರೆ ಆರಂಭವಾಯಿತು. ಬೋರ್ಡೋ ಎಂಬ ಹೆಸರೂ ಮೊದಲು ಒಂದು ಊರಿನದಷ್ಟೇ ಆಗಿತ್ತು.