ತೇಲುವ ಮುಚ್ಚಳ, ಮುಳುಗುವ ಬಾಟಲಿ

ಹಿಟ್ನಾಳದ ಮಕ್ಕಳೇ, ಕೊಪ್ಪಳದ ಹಿರೇಹಳ್ಳದ ಸುದ್ದಿಯನ್ನು ಮನೆಯ ಹಿರಿಯರ ಬಾಯಿಂದ ನೀವು ಕೇಳಿರಬಹುದು. ಕಿನ್ನಾಳದ ಕಡೆಯಿಂದ ಹರಿದು ಬಂದು ತುಂಗಭದ್ರೆಯನ್ನು ಸೇರುವ ಹಳ್ಳ ಅದು. ಜಾಲಿ ಮುಳ್ಳು, ಆಪು, ಹೂಳು, ಕಸ ಎಲ್ಲ ತುಂಬಿಕೊಂಡು ಅಲ್ಲೊಂದು ಹಳ್ಳವಿದೆ ಎನ್ನುವುದೇ ಮರೆತುಹೋಗುವಂತಾಗಿತ್ತು. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ತಾವೇ ಹಳ್ಳಕ್ಕೆ ಇಳಿದರು. ಅವರ ಹಿಂದೆ ಸುತ್ತಲಿನ ಊರಿನ ಜನ ಸಲಿಕೆ, ಬುಟ್ಟಿ ಹಿಡಿದು ಬಂದರು. ಟ್ರ್ಯಾಕ್ಟರ್, ಜೆಸಿಬಿಗಳೂ ಬಂದವು. 20 ಕಿಲೋಮೀಟರಿಗೂ ಹೆಚ್ಚು ಉದ್ದದ ಹಳ್ಳಕ್ಕೆ ಮತ್ತೆ ದಾರಿಯಾಯಿತು. ಊರವರು ಒಟ್ಟಾದರೆ ಎಷ್ಟು ದೊಡ್ಡ ಕೆಲಸ ಆಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ನಿಮ್ಮ ಓಣಿಯಲ್ಲೂ ಒಂದು ಭಾನುವಾರ ಎಲ್ಲರೂ ಸೇರಿ ಕಸ ಆರಿಸುತ್ತೀರಿ ಎಂದುಕೊಳ್ಳೋಣ. ಮಧ್ಯಾಹ್ನದ ಹೊತ್ತಿಗೆ ರಸ್ತೆ ಚೊಕ್ಕಟವಾಗಿದೆ, ಚೀಲಗಳು ತುಂಬಿವೆ. ಎಲ್ಲರೂ ಕೈ ತೊಳೆದು ಮನೆಗೆ ಹೊರಟರೆ ಆ ಚೀಲಗಳ ಗತಿ? ಅನ್ನ, ಗಾಜು, ಪ್ಲಾಸ್ಟಿಕ್, ಬಟ್ಟೆ ಎಲ್ಲ ಕಲಸಿಹೋದ ಕಸವನ್ನು ಗುಜರಿ ಅಂಗಡಿಯವರೂ ಮುಟ್ಟುವುದಿಲ್ಲ. ಬೇರೆ ಬೇರೆ ಮಾಡಿ ಕೊಟ್ಟರೆ ಅದರಲ್ಲಿ ಬಹಳಷ್ಟಕ್ಕೆ ಬೆಲೆಯಿದೆ. ಕಸ ಬೇರ್ಪಡಿಸುವುದರಲ್ಲೇ ಒಳ್ಳೆಯ ವಿಜ್ಞಾನ ಅಡಗಿದೆ.

ಒಂದು ಬಕೆಟ್ ನೀರು ತನ್ನಿ. ಖಾಲಿ ನೀರಿನ ಬಾಟಲಿಯೊಂದನ್ನು ದೊಡ್ಡವರ ಕೈಯಲ್ಲಿ ಸಣ್ಣ ತುಂಡುಗಳಾಗಿ ಕತ್ತರಿಸಿಕೊಳ್ಳಿ. ಆ ತುಂಡುಗಳನ್ನೂ ಬಾಟಲಿಯ ಮುಚ್ಚಳವನ್ನೂ ನೀರಿಗೆ ಹಾಕಿ, ಬೆರಳಿನಿಂದ ಒತ್ತಿ ಗಾಳಿಗುಳ್ಳೆ ಬಿಡಿಸಿ. ಮುಚ್ಚಳ ತೇಲುತ್ತದೆ, ಬಾಟಲಿಯ ತುಂಡು ತಳಕ್ಕೆ ಹೋಗುತ್ತದೆ! ಒಂದೇ ಬಾಟಲಿಯಾದರೂ ಅದರಲ್ಲಿರುವುದು ಎರಡು ಜಾತಿಯ ಪ್ಲಾಸ್ಟಿಕ್. ಒಂದು ಘನ ಸೆಂಟಿಮೀಟರ್ ನೀರು 1 ಗ್ರಾಂ ತೂಗುತ್ತದೆ. ಬಾಟಲಿ ಮಾಡುವ ಪಿಇಟಿ ಅಷ್ಟೇ ಗಾತ್ರಕ್ಕೆ ಸುಮಾರು 1.38 ಗ್ರಾಂ ತೂಗುತ್ತದೆ, ಅದಕ್ಕೇ ಮುಳುಗುತ್ತದೆ. ಮುಚ್ಚಳದ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್ 1 ಗ್ರಾಮಿಗಿಂತ ಕಡಿಮೆ, ಅದಕ್ಕೇ ತೇಲುತ್ತದೆ. ಗೊಬ್ಬರದ ಚೀಲದ ಎಳೆಯನ್ನೂ ಹಾಕಿ ನೋಡಿ, ಅದೂ ಮೇಲೆಯೇ ನಿಲ್ಲುತ್ತದೆ.

ಇನ್ನು ಗಟ್ಟಿಯಾದ, ಪಟ್ಟನೆ ಮುರಿಯುವ ಪ್ಲಾಸ್ಟಿಕ್ ಚಮಚದ ತುಂಡು ಸಿಕ್ಕರೆ ಅದನ್ನು ಒಂದು ಲೋಟ ನೀರಿಗೆ ಹಾಕಿ. ಮುಳುಗಿತೇ? ಎರಡು-ಮೂರು ದೊಡ್ಡ ಚಮಚ ಉಪ್ಪು ಹಾಕಿ ಕದಡಿ. ಉಪ್ಪು ಕರಗಿದ ಹಾಗೆ ನೀರಿನ ಸಾಂದ್ರತೆ ಹೆಚ್ಚಿ ಆ ತುಂಡು ಮೇಲೆದ್ದು ಬಂದರೆ ಅದು ಪಾಲಿಸ್ಟೈರೀನ್ ಇರಬೇಕು. ಬಾಟಲಿಯ ತುಂಡು ಮಾತ್ರ ಉಪ್ಪುನೀರಿನಲ್ಲೂ ಏಳುವುದಿಲ್ಲ. ಮರುಬಳಕೆಯ ಕಾರ್ಖಾನೆಗಳಲ್ಲಿ ಪುಡಿಮಾಡಿದ ಬಾಟಲಿಯಿಂದ ಮುಚ್ಚಳದ ಚೂರನ್ನು ಬೇರ್ಪಡಿಸುವುದೂ ಹೀಗೆಯೇ, ದೊಡ್ಡ ನೀರಿನ ತೊಟ್ಟಿಗಳಲ್ಲಿ.

ಇದು ತಿಳಿದ ಮೇಲೆ ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆಯನ್ನು ದೂರದಿಂದಲೇ ನೋಡಿ; ದಂಡೆಗೆ ಇಳಿಯಬೇಡಿ, ಸೆಳವು ಜೋರು. ಮುಚ್ಚಳ ಬಿಗಿದ ಖಾಲಿ ಬಾಟಲಿ ಒಳಗಿನ ಗಾಳಿಯಿಂದಾಗಿ ತೇಲುತ್ತ ಗಂಗಾವತಿಯ ಗದ್ದೆಗಳ ಕಡೆ ಸಾಗುತ್ತದೆ. ಮುಚ್ಚಳ ಬಿಚ್ಚಿದ್ದು ನೀರು ಕುಡಿದು ಹೂಳಿಗೆ ಸೇರುತ್ತದೆ. ಅಂದರೆ ನೀರಿನ ಮೇಲೆ ಕಾಣುವ ಕಸಕ್ಕಿಂತ ಬೇರೆಯದೇ ಕಸ ತಳದಲ್ಲಿ ಕೂತಿರುತ್ತದೆ.

ಇನ್ನು ಚೀಲದ ಕಸದಲ್ಲಿ ಕಬ್ಬಿಣ ಹುಡುಕಲು ಅಯಸ್ಕಾಂತ ಸಾಕು. ಹಳೆಯ ಸ್ಪೀಕರಿನ ಹಿಂದೆ ಒಂದು ಸಿಗುತ್ತದೆ. ಮೊಳೆ, ತಗಡು ಅಂಟುತ್ತವೆ, ಅಲ್ಯೂಮಿನಿಯಂ ಅಂಟುವುದಿಲ್ಲ. ನಿಮ್ಮ ಪಕ್ಕದ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಅದಿರು ಕರಗಿಸಿ ಬೀಡು ಕಬ್ಬಿಣ ತೆಗೆಯುತ್ತಾರೆ, ಅದಕ್ಕೆ ಎಷ್ಟು ಶಾಖ ಬೇಕು ಯೋಚಿಸಿ. ಲೋಹವನ್ನು ಎಷ್ಟು ಸಲ ಕರಗಿಸಿದರೂ ಅದು ಲೋಹವೇ. ಹಳೆಯ ಅಲ್ಯೂಮಿನಿಯಂ ಕರಗಿಸಲು, ಅದಿರಿನಿಂದ ಹೊಸದು ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇಕಡಾ 5ರಷ್ಟು ಸಾಕು. ಪ್ಲಾಸ್ಟಿಕ್ ಹಾಗಲ್ಲ. ಅದರ ಅಣುಗಳು ಶಾವಿಗೆ ಎಳೆಗಳಂತೆ ಉದ್ದುದ್ದ. ಪ್ರತಿ ಸಲ ಕರಗಿಸಿದಾಗಲೂ ಒಂದಿಷ್ಟು ತುಂಡಾಗಿ ವಸ್ತು ದುರ್ಬಲವಾಗುತ್ತದೆ. ನಮ್ಮ ಕಡೆಯ ಬಿಸಿಲೂ ಇದೇ ಕೆಲಸ ಮಾಡುತ್ತದೆ: ಬಯಲಲ್ಲಿ ಬಿದ್ದ ಚೀಲ ವರ್ಷ ಕಳೆಯುವಷ್ಟರಲ್ಲಿ ಮುಟ್ಟಿದರೆ ಪುಡಿಯಾಗುತ್ತದೆ. ಪುಡಿಯಾದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ, ಮಣ್ಣಿನಲ್ಲೇ ಉಳಿಯುತ್ತದೆ.

ಹಸಿ ಕಸದ ಚಿಂತೆ ಬೇಡ, ಅದು ತಿಪ್ಪೆಗೆ. ಚಳಿಗಾಲದ ಬೆಳಗ್ಗೆ ತಿಪ್ಪೆ ಕೆದಕಿದರೆ ಹಬೆ ಏಳುತ್ತದಲ್ಲ, ಅದು ಸೂಕ್ಷ್ಮಜೀವಿಗಳು ತಿಂದುಂಡು ಬಿಟ್ಟ ಶಾಖ. ಆದರೆ ಅದರೊಳಗೆ ಒಂದು ಕವರ್ ಬಿದ್ದರೂ ಅದು ಗೊಬ್ಬರದ ಜೊತೆ ಹೊಲಕ್ಕೇ ಹೋಗುತ್ತದೆ. ಒಡೆದ ಗಾಜು, ಸೂಜಿ, ಬ್ಯಾಟರಿಗಳನ್ನು ದೊಡ್ಡವರೇ ಕೈಗವಸು ಹಾಕಿ ಎತ್ತಲಿ. ಯಾವುದಕ್ಕೂ ಬೆಂಕಿ ಹಚ್ಚಬೇಡಿ. ಪಿವಿಸಿಯಂಥ ಪ್ಲಾಸ್ಟಿಕ್ ಉರಿದರೆ ಬರುವ ಹೊಗೆ ವಿಷ.

ಕೊನೆಗೆ ಒಂದು ಚೀಲ ಉಳಿಯುತ್ತದೆ: ಚಿಪ್ಸ್ ಪೊಟ್ಟಣ, ಗುಟ್ಕಾ ಚೀಟಿ, ಶಾಂಪೂ ಚೀಟಿ. ಪ್ಲಾಸ್ಟಿಕ್ಕಿನ ಪದರ, ನಡುವೆ ತೆಳುವಾದ ಲೋಹದ ಪದರ ಅಂಟಿಸಿ ಮಾಡಿದ ಇವುಗಳನ್ನು ಬಿಡಿಸುವುದು ಬಹಳ ಕಷ್ಟ, ಗುಜರಿಯವರು ಕೊಳ್ಳುವುದಿಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಪೊಟ್ಟಣ ಮಾರುಕಟ್ಟೆಗೆ ಬಿಟ್ಟ ಕಂಪನಿಗಳಿಗೇ ಅದನ್ನು ವಾಪಸು ಪಡೆಯುವ ಹೊಣೆಯಿದೆ. ಹಾಗಾಗಿ ಆ ಚೀಲವನ್ನು ಗ್ರಾಮ ಪಂಚಾಯಿತಿಯ ಕಸದ ಗಾಡಿಗೆ ಹಾಕುವ ಮೊದಲು ಹಾಳೆಯ ಮೇಲೆ ಹರವಿ, ಪೊಟ್ಟಣಗಳ ಮೇಲಿನ ಹೆಸರು ಓದಿ. ಯಾವ ಹೆಸರು ಎಷ್ಟು ಸಲ ಬಂತು ಎಂದು ಒಬ್ಬರು ಬರೆದುಕೊಳ್ಳಲಿ. ಆ ಪಟ್ಟಿಯ ಒಂದು ಪ್ರತಿ ಶಾಲೆಯ ಗೋಡೆಗೆ, ಇನ್ನೊಂದು ಪಂಚಾಯಿತಿ ಕಚೇರಿಗೆ.